ಉತಾರದಲ್ಲಿ ಹೆಂಗಸರ ಹೆಸರು: ಖಾನಾಪುರದಿಂದ ಹಲಗಲಿವರೆಗೆ

ಶುಕ್ರವಾರ

ನವೆಂಬರ್ ಕೊನೆಯ ವಾರ. ಬೆಳಗಾವಿ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು ಜೋರಾಗಿರುವ ಕಾಲ. ಎಲ್ಲಿ ನೋಡಿದರೂ ಟ್ರ್ಯಾಕ್ಟರ್‌ಗಳು. ಎರಡೆರಡು ಟ್ರೇಲರ್ ಜಗ್ಗಿಕೊಂಡು, ಹಾಡು ಹಚ್ಚಿಕೊಂಡು, ರಸ್ತೆ ನಡುವೆಯೇ ಹೋಗುತ್ತವೆ. ಹಿಂದಿನ ಬಸ್ಸು ಎಷ್ಟು ಹಾರ್ನ್ ಹೊಡೆದರೂ ಡ್ರೈವರಿಗೆ ಕೇಳಿಸೋದೇ ಇಲ್ಲ. ಹೀಗಾಗಿ ಬೆಳಗಾವಿಯಿಂದ ಖಾನಾಪುರ ಮುಟ್ಟೋಕೆ ಒಂದು ತಾಸಿಗಿಂತ ಜಾಸ್ತಿ ಹಿಡಿಯಿತು.

ಜೊತೆಗೆ ನನ್ನ ಗೆಳತಿ ಇದ್ದಳು. ಸಂಜೀವಿನಿ ಯೋಜನೆಯ ಮಹಿಳಾ ಗುಂಪುಗಳ ಜೊತೆ ಕೆಲಸ ಮಾಡುವವಳು. ಕಾಡಂಚಿನ ಸಿದ್ದಿ ಹೆಂಗಸರು ಬೇಸಾಯದಲ್ಲಿ ಮೇಲೆ ಬರುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. "ಸುಮ್ನೆ ಕೇಳಿದ್ರ ಏನಾಗ್ತದ, ಬಂದು ನೋಡು" ಅಂದಳು. ಹೊರಟೆ. ಹಾಗೇ ಮುಧೋಳ ಕಡೆ ಹಲಗಲಿಗೂ ಹೋಗಿಬರೋಣ ಎಂದು ಸೇರಿಸಿದ್ದು ನಾನು. ಅಲ್ಲಿನ ಬೇಡರ ಹೆಂಗಸರು ಹೊಲ ಕೊಂಡ ಸುದ್ದಿ ಕಿವಿಗೆ ಬಿದ್ದಿತ್ತು.

ಖಾನಾಪುರದಲ್ಲಿ ಮಲಪ್ರಭೆ ದಾಟಿದೆವು. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿ, ಇಲ್ಲಿ ಇನ್ನೂ ಸಣ್ಣದು. ನಂದಗಡದಲ್ಲಿ ಚಹಾ ಕುಡಿದು, ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಹೋಗಿ ಕೈ ಮುಗಿದೆವು. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಇದು. ಸಮಾಧಿಯ ಆಲದ ಮರಕ್ಕೆ ಈಗಲೂ ಜನ ತೊಟ್ಟಿಲು ಕಟ್ಟುತ್ತಾರೆ, ಮಕ್ಕಳಾಗಲಿ ಎಂದು.

ಅಲ್ಲಿಂದ ಹಳಿಯಾಳ ಗಡಿ ಕಡೆ ಹೊರಳಿದರೆ ಗದ್ದೆ ಮುಗಿದು ಕಾಡು, ಕಾಡು ಮುಗಿದು ಗದ್ದೆ. ನಾವು ಹೋದ ಕೇರಿಯ ಹೆಸರು ಬರೆಯುವುದಿಲ್ಲ. ಯಾಕೆಂದರೆ ಅಲ್ಲಿನವರು ಕೇಳಿಕೊಂಡದ್ದೇ ಅದನ್ನ. ಹೆಸರು ಹೊರಗೆ ಬಿದ್ದರೆ ಕ್ಯಾಮೆರಾ ಹಿಡಿದವರು ಬರುತ್ತಾರಂತೆ. ಬಂದವರು ಮೊದಲು ಕೇಳೋದು "ಡ್ಯಾನ್ಸ್ ಮಾಡಿ ತೋರಿಸ್ತೀರಾ?" ಅಂತ. ಗುಂಪಿನ ಅಧ್ಯಕ್ಷೆ ನಗುತ್ತಲೇ ಇದನ್ನು ಹೇಳಿದರು. "ನಾವೇನ್ ಇಪ್ಪತ್ನಾಕು ತಾಸು ಕುಣ್ಕೋಂತ ಇರ್ತೀವೇನ್ರಿ? ಭತ್ತ ಯಾರ್ ಕೊಯ್ಯೋರು?"

ಸಿದ್ದಿಗಳನ್ನು ಕಾಣದವರಿಗೆ ಎರಡು ಮಾತು. ಇವರ ಹಿರಿಯರು ಆಫ್ರಿಕಾದ ಪೂರ್ವ ಭಾಗದವರು. 16ನೇ ಶತಮಾನದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಜನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದರು. ಹೆಚ್ಚಿನವರು ಇರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ. ಖಾನಾಪುರದಲ್ಲೂ ಧಾರವಾಡದ ಕಲಘಟಗಿಯಲ್ಲೂ ಸ್ವಲ್ಪ ಜನ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಹೊರಗೆ ನಮ್ಮ ಹಾಗೆಯೇ ಖಾನಾಪುರದ ಕನ್ನಡ.

ರಾತ್ರಿ ಅಧ್ಯಕ್ಷೆಯ ಮನೆಯಲ್ಲೇ ಉಳಿದೆವು. ಚಳಿ ಚೆನ್ನಾಗಿತ್ತು. ಹೊದೆಯಲು ಕೊಟ್ಟದ್ದು ಹಳೇ ಸೀರೆ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ. ಅವರ ಅತ್ತೆ, ಎಲ್ಲರೂ ಆಯಿ ಅನ್ನುವ ಮುದುಕಿ, ಚಿಮಣಿ ಹತ್ತಿರ ಕೂತು ಇನ್ನೊಂದು ಹೊಲಿಯುತ್ತಿದ್ದರು. ಸಿದ್ದಿ ಕೌದಿಯನ್ನು ಅಂಚಿನಿಂದ ಸುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ 'ಫೂಲ' ಕೂಡಿಸಬೇಕು. ಆಯಿ ಮೂರು ಮೂಲೆ ಮುಗಿಸಿದ್ದರು. "ಫೂಲ ಇಲ್ದಿದ್ರ ಕೌದಿ ಬತ್ತಲೆ" ಅಂದರು. ಅವರ ಬೆರಳು ತೋರಿಸಿ ಸೊಸೆ ಹೇಳಿದರು: "ಈ ಕೈಯಾಗ ಹತ್ತು ಊರಿನ ಗದ್ದಿ ನಾಟಿ ಆಗೈತ್ರಿ. ಸ್ವಂತದ್ದು ಮಾತ್ರ ಗುಂಟೆ ಇರಲಿಲ್ಲ."

ಶನಿವಾರ

ಬೆಳಿಗ್ಗೆ ಏಳಕ್ಕೆಲ್ಲ ಗದ್ದೆಯಲ್ಲಿದ್ದೆವು. ಮಂಜು ಇನ್ನೂ ಎದ್ದಿರಲಿಲ್ಲ. ಭತ್ತದ ಕೊಯ್ಲು ಅರ್ಧ ಮುಗಿದಿತ್ತು. ಈ ಕಡೆ ಭತ್ತವನ್ನು ಹೆಚ್ಚಾಗಿ ಕೂರಿಗೆಯಿಂದ ಬಿತ್ತುತ್ತಾರೆ, ಮಳೆ ಹಿಡಿಯುವ ಮೊದಲೇ. ಸಸಿ ಹಚ್ಚುವ ಗದ್ದೆಗಳು ಹಳ್ಳದ ಬದಿಗೆ ಮಾತ್ರ. ಕೂರಿಗೆ ಭತ್ತದಲ್ಲಿ ಕಳೆಯ ಕಾಟ ಬಹಳ. ಜುಲೈ, ಆಗಸ್ಟ್‌ನಲ್ಲಿ ಮಳೆಯಲ್ಲಿ ಗೊಂಚಿ ಹೊದ್ದು ಬಗ್ಗಿದ ಸೊಂಟ ಎತ್ತದೆ ಕಳೆ ತೆಗೆಯೋದು ಹೆಂಗಸರೇ. ಬೇಸಾಯದಲ್ಲಿ ಹೆಂಗಸರನ್ನು ತೊಡಗಿಸಬೇಕು ಎಂದು ಭಾಷಣದಲ್ಲಿ ಹೇಳುತ್ತಾರಲ್ಲ, ನನಗೆ ನಗು ಬರುತ್ತದೆ. ಅವರು ಬೇಸಾಯ ಬಿಟ್ಟು ಹೊರಗಿದ್ದದ್ದು ಯಾವಾಗ? ಹೊರಗಿದ್ದದ್ದು ಹೊಲದ ಕಾಗದದಿಂದ, ಮಾರಿದ ದುಡ್ಡಿನಿಂದ.

ಈ ಗುಂಪಿನ ಕಥೆ ಹೀಗಿದೆ. ಮೊದಲು ಎಲ್ಲರೂ ಕೂಲಿ. ಬೇರೆಯವರ ಗದ್ದೆ, ಬೇರೆಯವರ ಕಬ್ಬು. ಗಂಡಸರು ಗೋವಾಕ್ಕೆ ದುಡಿಯಲು ಹೋಗಿ ಗಣಪತಿ ಹಬ್ಬಕ್ಕೋ ಕ್ರಿಸ್‌ಮಸ್‌ಗೋ ಬರುತ್ತಿದ್ದರು. ಕಾಡಂಚಿನಲ್ಲಿ ಹಿರಿಯರು ಮಾಡಿಕೊಂಡ ಸಣ್ಣ ತುಂಡು ಜಮೀನು ಇತ್ತು, ಆದರೆ ಅದಕ್ಕೆ ಉತಾರ, ಅಂದರೆ ಪಹಣಿ, ಇಲ್ಲ. ಗುಂಪಿನ ಉಳಿತಾಯ ಸ್ವಲ್ಪ ಬೆಳೆದ ಮೇಲೆ ಹೆಂಗಸರು ಊರ ಗೌಡರ ಖಾಲಿ ಬಿದ್ದ ಹೊಲವನ್ನು ಲಾವಣಿ, ಅಂದರೆ ಗೇಣಿಗೆ, ಹಾಕಿಕೊಂಡರು. ಒಬ್ಬರ ಹೆಸರಿಗಲ್ಲ, ಗುಂಪಿನ ಹೆಸರಿಗೆ. ಮೊದಲ ವರ್ಷ ಗೆಣಸು ಹಾಕಿದರು.

ಬೆಳಗಾವಿ ಗೆಣಸಿಗೆ ಹೆಸರಿದೆ. ಬೆಳಗಾವಿ, ಖಾನಾಪುರ ತಾಲ್ಲೂಕಿನ ಕೆಂಪು ಮಣ್ಣಿನ ಗೆಣಸು ಇಲ್ಲಿನ ಎಪಿಎಂಸಿಯಿಂದ ಲಾರಿ ಹತ್ತಿ ದೆಹಲಿವರೆಗೆ ಹೋಗುತ್ತದೆ. ನವರಾತ್ರಿ, ಶಿವರಾತ್ರಿಯ ಉಪವಾಸಕ್ಕೆ ಉತ್ತರದವರು ಗೆಣಸು ತಿನ್ನುತ್ತಾರೆ, ಆಗ ರೇಟು ಏರುತ್ತದೆ. ಬಳ್ಳಿ ತುಂಡು ಮಾಡಿ ಏರಿಯ ಮೇಲೆ ಊರಿದರೆ ಆಯಿತು, ಬೀಜಕ್ಕೆ ಖರ್ಚಿಲ್ಲ. ಕೈಯಲ್ಲಿ ದುಡ್ಡಿಲ್ಲದವರಿಗೆ ಹೇಳಿ ಮಾಡಿಸಿದ ಬೆಳೆ, ಅಲ್ವಾ? ಹೌದು. ಆದರೆ ಗೆಣಸು ಅಂದರೆ ಹಂದಿಗೂ ಜೀವ. ಕಾಡುಹಂದಿ ಒಂದು ರಾತ್ರಿ ನುಗ್ಗಿದರೆ ಬೆಳಿಗ್ಗೆ ನೇಗಿಲು ಹೊಡೆದ ಹಾಗೆ ಇರುತ್ತದೆ ಹೊಲ. ಅರ್ಧಕ್ಕರ್ಧ ಹೋಯಿತಂತೆ.

"ಆಮ್ಯಾಲ ಬುದ್ಧಿ ಬಂತ್ರಿ" ಅಂದರು ಅಧ್ಯಕ್ಷೆ. ಕಾಡಿನ ಕಡೆಯ ಅಂಚಿಗೆ ಅರಿಶಿಣ ಹಾಕಿದರು. ಹಂದಿ ಅರಿಶಿಣ ತಿನ್ನುವುದಿಲ್ಲ. ಊರ ಕಡೆಗೆ ಗೆಣಸು, ಮನೆ ಹಿತ್ತಲಿಗೆ ತರಕಾರಿ. ನಾವು ನೋಡಿದಾಗ ಅರಿಶಿಣದ ಎಲೆ ಹಳದಿಗೆ ತಿರುಗಲು ಸುರುವಾಗಿತ್ತು. ಅದು ಕೀಳಲು ಬರೋದು ಫೆಬ್ರವರಿ ಹೊತ್ತಿಗೆ. ಒಬ್ಬಾಕೆ ಮಣ್ಣು ಕೆದರಿ ಒಂದು ಬೆರಳುದ್ದದ ಕೊಂಬು ಮುರಿದು ನನ್ನ ಕೈಗಿಟ್ಟರು. ಮುರಿದ ಕಡೆ ಕಿತ್ತಳೆ ಬಣ್ಣ. ಉಗುರಿನ ಸಂದಿಯ ಕಲೆ ಊರಿಗೆ ಬಂದ ಮೇಲೂ ಹೋಗಿರಲಿಲ್ಲ. ಅರಿಶಿಣದ ದೊಡ್ಡ ಪೇಟೆ ಸಾಂಗ್ಲಿ. ಅಲ್ಲಿವರೆಗೆ ಒಯ್ಯುವಷ್ಟು ಮಾಲು ಇವರಲ್ಲಿಲ್ಲ. ಕುದಿಸಲು ದೊಡ್ಡ ಕೊಪ್ಪರಿಗೆಯೂ ಇಲ್ಲ. ಹಸಿದೇ ಮಾರುತ್ತಾರೆ. ಹಸಿ ಮಾರಿದರೆ ಲಾಭದ ದೊಡ್ಡ ಪಾಲು ಕುದಿಸಿ ಒಣಗಿಸುವವರಿಗೆ ಹೋಗುತ್ತದೆ. ಇದು ಅವರಿಗೂ ಗೊತ್ತು. ಮುಂದಿನ ಸಾಲ ಕೊಪ್ಪರಿಗೆಗೆ ಎಂದು ಗುಂಪಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಭತ್ತ ಕೊಯ್ದ ಗದ್ದೆಯಲ್ಲಿ ಒಂದಿಬ್ಬರು ಆಗಲೇ ಮಸೂರ ಬಿತ್ತುತ್ತಿದ್ದರು. ಮಣ್ಣಿನ ಹಸಿ ಆರುವುದರೊಳಗೆ ಬೀಜ ಬೀಳಬೇಕು. ಮತ್ತೆ ನೀರು ಹಾಯಿಸುವ ಗೊಡವೆ ಇಲ್ಲ, ಚಳಿಯ ಇಬ್ಬನಿಯಲ್ಲೇ ಬೆಳೆದುಬಿಡುತ್ತದೆ. ಬೆಳಗಾವಿ ಸುತ್ತ ಇದು ಹಳೇ ಪದ್ಧತಿ. ಕೂಲಿಗೆ ಹೋಗುತ್ತಿದ್ದಾಗ ಬೇರೆಯವರ ಗದ್ದೆಯಲ್ಲಿ ಎರಚಿದ್ದ ಬೀಜವನ್ನೇ ಈಗ ತಮ್ಮ ಲಾವಣಿ ಗದ್ದೆಯಲ್ಲಿ ಎರಚುತ್ತಿದ್ದರು.

ಮಧ್ಯಾಹ್ನ ಊಟ ಆದ ಮೇಲೆ ಕಾಗದದ ಮಾತು ಬಂತು. ಒಂದು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಕಾಗದಗಳು. ನನ್ನ ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಹೊತ್ತು ಕೂತದ್ದು ಈ ಚೀಲದ ಮುಂದೆಯೇ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನ ಜಮೀನು ಉಳುಮೆ ಮಾಡುತ್ತಿದ್ದವರಿಗೆ ಹಕ್ಕು ಕೊಡಬೇಕು ಎನ್ನುತ್ತದೆ ಅದು, ಗರಿಷ್ಠ 4 ಹೆಕ್ಟೇರ್‌ವರೆಗೆ. ಪರಿಶಿಷ್ಟ ಪಂಗಡದವರಾದರೆ ಇಷ್ಟು ಸಾಕು. ಬೇರೆಯವರಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ಬದುಕಿದ್ದಕ್ಕೂ ಸಾಕ್ಷಿ ಬೇಕು. ಈಗ ಸಿದ್ದಿಗಳ ಕಥೆ ಕೇಳಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಪಟ್ಟಿಯಲ್ಲಿ ಬೆಳಗಾವಿ, ಧಾರವಾಡ ಇರಲಿಲ್ಲ. ಈ ಎರಡು ಜಿಲ್ಲೆಯವರು ಸೇರಿದ್ದು 2020ರ ತಿದ್ದುಪಡಿಯಲ್ಲಿ. ನಡುವೆ 17 ವರ್ಷ. ಆಚೆ ಹಳಿಯಾಳ ತಾಲ್ಲೂಕಿನಲ್ಲಿ ಹುಟ್ಟಿದ ಕೂಸು ಬುಡಕಟ್ಟು, ಈಚೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿದ ಅದರ ಚಿಕ್ಕಮ್ಮನ ಕೂಸು ಬುಡಕಟ್ಟಲ್ಲ! ಒಂದೇ ಕಾಡು, ಒಂದೇ ಕುಲ, ಒಂದೇ ಅಡುಗೆ. ಅರಣ್ಯ ಹಕ್ಕಿನ ಅರ್ಜಿಗಳು ಹೆಚ್ಚಾಗಿ ಬಿದ್ದ ವರ್ಷಗಳೇ ಅವು. ಈಚೆಯವರಿಗೆ 75 ವರ್ಷದ ಸಾಕ್ಷಿ ಎಲ್ಲಿಂದ ಬರಬೇಕು? ಹಿರಿಯರ ಹೇಳಿಕೆಯನ್ನೂ ಸಾಕ್ಷಿ ಎಂದು ಹಿಡಿಯಬಹುದು ಎನ್ನುತ್ತದೆ ನಿಯಮ. ಆದರೆ ಮುದುಕಿಯ ಮಾತಿಗಿಂತ ರಬ್ಬರ್ ಸ್ಟಾಂಪಿಗೆ ಬೆಲೆ ಜಾಸ್ತಿ ಅನ್ನೋದು ನಮಗೆಲ್ಲ ಗೊತ್ತಿರೋದೇ.

ಆಯಿ ಆ ಹೇಳಿಕೆ ಕೊಟ್ಟಿದ್ದಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಯಾವ ಮರದಿಂದ ಯಾವ ಹಳ್ಳದವರೆಗೆ ತನ್ನ ಮಾವ ಕಡಿದು ಹಸನು ಮಾಡಿದ್ದು ಎಂದು ಹೇಳಿದರಂತೆ. ಹೆಬ್ಬೆಟ್ಟಿನ ಗುರುತು ಕಾಗದದ ಕೆಳಗೆ ಇತ್ತು, ನೀಲಿ ಶಾಯಿ ಸ್ವಲ್ಪ ಹರಡಿಕೊಂಡು. ಅರ್ಜಿ ಗ್ರಾಮಸಭೆ ದಾಟಿದೆ, ಉಪವಿಭಾಗದ ಸಮಿತಿಯಲ್ಲಿದೆ. ಅದಾದ ಮೇಲೆ ಜಿಲ್ಲಾ ಸಮಿತಿ.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ. ಮದುವೆಯಾದವರಿಗೆ ಕೊಡುವ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲೇಬೇಕು. ಒಂಟಿ ಹೆಂಗಸು ಮನೆ ನಡೆಸುತ್ತಿದ್ದರೆ ಅವಳೊಬ್ಬಳ ಹೆಸರು. ಆ ಜಮೀನು ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವ ಹಾಗಿಲ್ಲ. ಮಾರುವ ಹಾಗಿಲ್ಲ ಅಂದ ಮೇಲೆ ಬ್ಯಾಂಕಿನವರು ಅದರ ಮೇಲೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ ಅನ್ನೋದೂ ನಿಜ. ಆದರೂ ಕುಡಿದ ಅಮಲಿನಲ್ಲಿ ಗಂಡ ಎಲ್ಲೋ ಸಹಿ ಹಾಕಿ ಬರುವ ಭಯ ಇಲ್ಲ. ಇದನ್ನು ಹೇಳಿದಾಗ ಕೂತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾರ ಗಂಡನ ನೆನಪಾಯಿತೋ!

ಇನ್ನೊಂದು ಕಾರಣಕ್ಕೂ ಕಾಗದ ಬೇಕು. ಅದು ರಾತ್ರಿ ಗೊತ್ತಾಯಿತು.

ಭತ್ತ ಹಣ್ಣಾಗುವ ಹೊತ್ತಿಗೆ ದಾಂಡೇಲಿ ಕಾಡಿನ ಕಡೆಯಿಂದ ಆನೆ ಬರುತ್ತವೆ. ಪ್ರತಿ ವರ್ಷ ನವೆಂಬರ್, ಡಿಸೆಂಬರ್‌ನಲ್ಲಿ ಖಾನಾಪುರ ತಾಲ್ಲೂಕಿನ ಪತ್ರಿಕಾ ಸುದ್ದಿ ಇದೇ. ರಾತ್ರಿ ಒಂಬತ್ತರ ಸುಮಾರಿಗೆ ಪಕ್ಕದ ಊರಿನಿಂದ ಫೋನ್ ಬಂತು. ಇವರು ಡಬ್ಬ, ಪಟಾಕಿ, ಬ್ಯಾಟರಿ ಹಿಡಿದು ಹೊರಟರು. ನಮ್ಮನ್ನು ಅಟ್ಟಣಿಗೆಗೆ ಹತ್ತಿಸಿ "ಕೆಳಗ ಇಳೀಬ್ಯಾಡ್ರಿ ಅಕ್ಕಾರ" ಎಂದು ಗದರಿಸಿದರು. ಆನೆ ನಮಗೆ ಕಾಣಲಿಲ್ಲ. ಬಿದಿರು ಮುರಿಯುವ ಸದ್ದು ಕೇಳಿತು, ಆಮೇಲೆ ಪಟಾಕಿ, ಆಮೇಲೆ ನಾಯಿಗಳು. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ನನ್ನ ಕೈ ನಡುಗುತ್ತಿತ್ತು. ಅವರು ವಾಪಸ್ ಬಂದು, ನಾಳೆ ಸಂತೆಗೆ ಎಷ್ಟು ಕಟ್ಟು ಮೆಂತ್ಯ ಒಯ್ಯಬೇಕು ಎಂದು ಮಾತಾಡತೊಡಗಿದರು.

ಆನೆ ತುಳಿದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅರ್ಜಿ ಜೊತೆ ಉತಾರ ಹಚ್ಚಬೇಕು. ಉತಾರ ಇರುವ ಗೌಡರ ಗದ್ದೆ ತುಳಿದರೆ ಗೌಡರಿಗೆ ಬರುತ್ತದೆ, ಲಾವಣಿ ಮಾಡಿದವರಿಗಲ್ಲ. ಕಾಡಂಚಿನ ತುಂಡು ತುಳಿದರೆ ಯಾರಿಗೂ ಇಲ್ಲ. ಹಂದಿ, ಆನೆ ಎರಡೂ ಇವರ ಹೊಲಕ್ಕೇ ಮೊದಲು ಬರುತ್ತವೆ, ಯಾಕೆಂದರೆ ಕಾಡಿಗೆ ಹತ್ತಿರ ಇರುವುದು ಇವರದೇ.

ಭಾನುವಾರ

ಬೆಳಗಿನ ಬಸ್ಸು. ನಾವಿಬ್ಬರು, ಗುಂಪಿನ ನಾಲ್ಕೈದು ಹೆಂಗಸರು, ಮೆಂತ್ಯ, ಮೂಲಂಗಿ, ಕೆಂಪು ಹರಿವೆ, ಒಂದು ಬುಟ್ಟಿ ಗೆಣಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಇವರ ಸಂತೆಯ ಲೆಕ್ಕವೇ ಬದಲಾಗಿದೆ. ಮೊದಲು ಇಪ್ಪತ್ತು ಕಟ್ಟು ಸೊಪ್ಪು ಮಾರಲು ಹೋದರೆ ಬಸ್ಸಿನ ಚಾರ್ಜಿಗೇ ಒಂದಿಷ್ಟು ಕಟ್ಟು ಹೋಗುತ್ತಿತ್ತು. ಅದಕ್ಕೇ ಊರಿಗೆ ಬರುವ ವ್ಯಾಪಾರಿಗೆ ಅವನು ಕೇಳಿದ ರೇಟಿಗೆ ಕೊಟ್ಟುಬಿಡುತ್ತಿದ್ದರು. ಈಗ ಸ್ವಲ್ಪವೇ ಮಾಲು ಇದ್ದರೂ ಹೋಗಬಹುದು. ಪುಕ್ಕಟೆ ಬಸ್ಸಿನ ಬಗ್ಗೆ ನಗರದಲ್ಲಿ ಕೂತು ಗೊಣಗುವವರು ಈ ಲೆಕ್ಕವನ್ನೊಮ್ಮೆ ಹಾಕಬೇಕು.

ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟು, ಗೆಣಸಿನ ಬುಟ್ಟಿ ಕಡೆ ಕೈ ತೋರಿಸಿದ.

"ಆಯಿ, ಲಗೇಜಿಗೆ ರೊಕ್ಕ."

"ನನಗ ಟಿಕೆಟ್ ಇಲ್ಲ, ನನ್ನ ಬುಟ್ಟಿಗೆ ಐತೇನೋ ತಮ್ಮಾ?"

"ಬುಟ್ಟಿ ಹೆಂಗಸಲ್ಲಲ್ಲ ಆಯಿ!"

ಇಡೀ ಬಸ್ಸು ನಕ್ಕಿತು. ಆಯಿ ಸೊಂಟದ ಚೀಲದಿಂದ ದುಡ್ಡು ತೆಗೆದು ಕೊಟ್ಟರು. ಜೊತೆಗೆ ಎರಡು ಗೆಣಸನ್ನೂ ಕೊಟ್ಟರು. ಆತ ಬೇಡ ಅನ್ನಲಿಲ್ಲ.

ಸಂತೆಯಲ್ಲಿ ಸೊಪ್ಪು ಹತ್ತು ಗಂಟೆಯೊಳಗೆ ಖಾಲಿ. ಗೆಣಸು ಮಾತ್ರ ನಿಧಾನ. ಸಿದ್ದಿ ಹೆಂಗಸರ ಹತ್ತಿರ ಕೊಳ್ಳಲು ಕೆಲವರು ಮೊದಲು ಹಿಂಜರಿಯುತ್ತಿದ್ದರಂತೆ, ಈಗ ಕಾಯಂ ಗಿರಾಕಿಗಳಿದ್ದಾರೆ. ಈ ಮಾತನ್ನು ಅವರು ಕೋಪದಲ್ಲಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳುವ ಧಾಟಿಯಲ್ಲೇ ಹೇಳಿದರು. ನನಗೆ ಮಾತ್ರ ಚುರುಕ್ ಅಂದಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಈ ಸಮುದಾಯದ ಮೊದಲ ಶಾಸಕರಾದರು. ಅದೇ ವರ್ಷ ಬೆಳಗಾವಿಯವರು ಪಟ್ಟಿಗೆ ಸೇರಿದ್ದು. ಅಷ್ಟಾದರೂ ಸಂತೆಯ ಜಾಗ ಗಟ್ಟಿ ಮಾಡಿಕೊಳ್ಳಲು ಈ ಹೆಂಗಸರು ವಾರವಾರವೂ ಬಂದು ಅದೇ ಮೂಲೆಯಲ್ಲಿ ಕೂರಬೇಕಾಯಿತು.

ಅಲ್ಲಿಂದ ಬೆಳಗಾವಿಗೆ ಬಂದು ಮುಧೋಳದ ಬಸ್ಸು ಹಿಡಿದೆವು. ಯರಗಟ್ಟಿ, ಲೋಕಾಪುರ ದಾಟಿ ಸಂಜೆಗೆ ಮುಧೋಳ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ. ನಾನು ನಿದ್ದೆ ಮಾಡಿದೆ.

ಸೋಮವಾರ

ಮುಧೋಳದಿಂದ ಟಂಟಂ ರಿಕ್ಷಾ ಹಿಡಿದು ಹಲಗಲಿ. ಖಾನಾಪುರದ ಹಸಿರು ಕಣ್ಣಿಗೆ ಹತ್ತಿದವರಿಗೆ ಈ ನೆಲ ಒರಟು ಅನಿಸುತ್ತದೆ. ಕಲ್ಲುಗುಡ್ಡ, ಜಾಲಿ, ಕುರುಚಲು. ಅಷ್ಟೇನೂ ದೂರವಿಲ್ಲದ ಯಡಹಳ್ಳಿಯ ಗುಡ್ಡಗಳನ್ನು 2016ರಲ್ಲಿ ಚಿಂಕಾರ ಜಿಂಕೆಗಳಿಗಾಗಿ ವನ್ಯಧಾಮ ಮಾಡಿದ್ದಾರೆ. ಘಟಪ್ರಭೆಯ ನೀರು ಬಂದ ಕಡೆ ಕಬ್ಬು, ಬಾರದ ಕಡೆ ಜೋಳ, ಕಡಲೆ.

ಹಲಗಲಿ ಹೆಸರು ಕನ್ನಡ ಶಾಲೆ ಕಲಿತವರಿಗೆಲ್ಲ ಗೊತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದು ಕಾಯ್ದೆ ತಂದಾಗ, ಒಪ್ಪಿಸಲ್ಲ ಎಂದು ತಿರುಗಿಬಿದ್ದ ಬೇಡರ ಊರು. ಆ ನವೆಂಬರಿನಲ್ಲೇ ದಂಡು ಬಂದು ಊರು ಸುಟ್ಟಿತು. ಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ನಾವು ಹೋದದ್ದೂ ನವೆಂಬರ್. ಆದರೆ ನಾನು ಕೇಳಲು ಹೋದದ್ದು ಹೆಂಗಸರ ಹೊಲದ ಕಥೆ. ಹಲಗಲಿಯ ಲಾವಣಿ ಹಾಡುಗಳಲ್ಲಿ ಗಂಡಸರ ಹೆಸರು ಬೇಕಾದಷ್ಟಿವೆ.

ಬೇಡರು, ವಾಲ್ಮೀಕಿಗಳು ನಾಯಕರ ಜೊತೆಗೆ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು 1991ರಲ್ಲಿ. ಈ ಭಾಗದಲ್ಲಿ ಬಹಳ ಇರುವ ತಳವಾರರು, ಪರಿವಾರದವರು ಬಂದದ್ದು 2020ರಲ್ಲಿ, ಖಾನಾಪುರದ ಸಿದ್ದಿಗಳನ್ನು ಸೇರಿಸಿದ ಅದೇ ತಿದ್ದುಪಡಿಯಲ್ಲಿ. ಇಲ್ಲಿ ಕಾಡಿನ ಜಮೀನಿನ ಪ್ರಶ್ನೆ ಅಷ್ಟಿಲ್ಲ. ಇಲ್ಲಿಯ ಪ್ರಶ್ನೆ, ಜಮೀನೇ ಇಲ್ಲದ್ದು.

ನಾವು ಭೇಟಿಯಾದ ಅಕ್ಕ ನಲವತ್ತರ ಆಚೀಚೆ. ಮೊದಲು ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದವರು. ಮುಂಗಡ ತಗೊಂಡು ಗಂಡ ಹೆಂಡತಿ ಜೋಡಿಯಾಗಿ ದುಡಿಯೋದು, ಹಂಗಾಮು ಮುಗಿದರೂ ಮುಂಗಡ ತೀರದಿರೋದು, ಮುಂದಿನ ವರ್ಷ ಮತ್ತೆ ಅದೇ. ಈಗ ಅವರ ಹೆಸರಿಗೆ ಎರಡು ಎಕರೆ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲ ಇದೆ. ಬಂದದ್ದು ಭೂ ಒಡೆತನ ಯೋಜನೆಯಲ್ಲಿ. ಭೂಮಿ ಇಲ್ಲದ, ಕೂಲಿ ಮಾಡುವ ಹೆಂಗಸರಿಗೆ ನಿಗಮದವರು ಹೊಲ ಕೊಂಡು ಕೊಡುತ್ತಾರೆ. ಪರಿಶಿಷ್ಟ ಪಂಗಡದವರಿಗೆ ಮಹರ್ಷಿ ವಾಲ್ಮೀಕಿ ನಿಗಮದ ಮೂಲಕ. ಬೆಲೆಯ ಅರ್ಧ ಸಹಾಯಧನ, ಇನ್ನರ್ಧ ಸಾಲ, ಕಂತಿನ ಮೇಲೆ ತೀರಿಸಬೇಕು. ನೋಂದಣಿ ಹೆಂಗಸಿನ ಹೆಸರಿಗೇ.

ಕೇಳಲು ಚೆಂದ. ಆದರೆ ಒಳ್ಳೆ ಹೊಲ ಯಾರು ಮಾರುತ್ತಾರೆ? ಮಾರಲು ಬಂದವು ಹೆಚ್ಚಾಗಿ ಕಲ್ಲು ಹೊಲ, ದಾರಿ ಇಲ್ಲದ ಹೊಲ, ಅಣ್ಣತಮ್ಮಂದಿರ ತಕರಾರಿನ ಹೊಲ. ಈ ಅಕ್ಕ ತಾವೇ ತಿರುಗಿ ನೋಡಿ, ಮಣ್ಣು ಕೈಯಲ್ಲಿ ಹಿಸುಕಿ, ಎರಡು ಕಡೆ ಬೇಡ ಅಂದು, ಮೂರನೆಯದಕ್ಕೆ ಹೂಂ ಅಂದವರು. "ಸೀರಿ ತಗೊಳ್ಳಾಕ ಹತ್ತು ಅಂಗಡಿ ಹತ್ತತೀವಿ, ಹೊಲ ತಗೊಳ್ಳಾಕ ಒಂದರಾಗ ಹೂಂ ಅನ್ಬೇಕೇನ್ರಿ?"

ಹೊಲಕ್ಕೆ ಕರೆದೊಯ್ದರು. ಮುಕ್ಕಾಲು ಭಾಗ ಕಡಲೆ, ಉಳಿದದ್ದು ಬಿಳಿಜೋಳ. ಸುತ್ತ ಅಂಚಿಗೆ ಕುಸುಬಿ. ಕುಸುಬಿ ಮುಳ್ಳಾದ ಮೇಲೆ ದನ ಒಳಗೆ ಬಾಯಿ ಹಾಕುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಅಕ್ಕ, ಅವರ ಮಗಳು, ಓಣಿಯ ಇನ್ನಿಬ್ಬರು ಹೆಂಗಸರು ಕಡಲೆಯ ಕುಡಿ ಚಿವುಟುತ್ತಿದ್ದರು. ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ತುದಿ ಚಿವುಟಿದರೆ ಗಿಡ ಮೇಲೆ ಹೋಗುವುದು ಬಿಟ್ಟು ಪಕ್ಕಕ್ಕೆ ಟೊಂಗೆ ಒಡೆಯುತ್ತದೆ. ಟೊಂಗೆ ಜಾಸ್ತಿ, ಕಾಯಿ ಜಾಸ್ತಿ.

ನಾನೂ ಸಾಲಿಗೆ ನಿಂತೆ. ಹೆಬ್ಬೆರಳು, ತೋರುಬೆರಳಲ್ಲಿ ಎರಡು ಗೇಣಿನ ಗಿಡದ ತುದಿ ಹಿಡಿದು ಚಿಟಕ್ಕನೆ ಮುರಿಯಬೇಕು, ಎಳೆಯಬಾರದು. ಎಳೆದರೆ ಬೇರು ಅಲ್ಲಾಡುತ್ತದೆ. ಗಿಡದ ಮೇಲೆ ಕಣ್ಣಿಗೆ ಕಾಣದ ಹುಳಿ ಇರುತ್ತದೆ, ಸ್ವಲ್ಪ ಹೊತ್ತಿಗೆ ಬೆರಳು ಚುರುಗುಟ್ಟತೊಡಗಿತು. ಹಿಂದೆ ರಾತ್ರಿ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಈ ಹುಳಿ ಇಳಿಸಿಕೊಂಡು, ಬೆಳಿಗ್ಗೆ ಹಿಂಡಿ ಶೀಶೆಯಲ್ಲಿ ಇಡುತ್ತಿದ್ದರಂತೆ, ಹೊಟ್ಟೆ ನೋವಿಗೆ ಔಷಧಿ ಎಂದು. ಚಿವುಟಿದ ಕುಡಿ ಉಡಿಗೆ ಹಾಕಿಕೊಳ್ಳುತ್ತ ಹೋದೆವು. ಅದು ಮಧ್ಯಾಹ್ನದ ಪಲ್ಲೆ. ಉಳಿದದ್ದು ಮುಧೋಳದ ಕಾಯಿಪಲ್ಲೆ ಪೇಟೆಗೆ. ಒಣಗಿಸಿಟ್ಟರೆ ಬೇಸಿಗೆಗೂ ಆಗುತ್ತದೆ.

ಊಟಕ್ಕೆ ಬದುವಿನ ಮೇಲೆ ಕೂತೆವು. ಸಜ್ಜೆ ರೊಟ್ಟಿ, ಕಡಲೆ ಕುಡಿ ಪಲ್ಲೆ, ಗುರೆಳ್ಳು ಹಿಂಡಿ, ಮೊಸರು. ಖಾರ ನೆತ್ತಿಗೇರಿತು. ಹೊಲ ಬಂದ ಮೇಲೆ ಏನು ಬದಲಾಯಿತು ಎಂದು ಕೇಳಿದೆ. ದುಡ್ಡಿನ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ.

"ಮನ್ಯಾಗ ಮಾತು ಬದಲಾತ್ರಿ" ಅಂದರು. "ಮೊದಲ ಏನ್ ಬಿತ್ತಬೇಕಂತ ಗಂಡಸರು ಗುಡಿ ಕಟ್ಟಿ ಮ್ಯಾಗ ಕುಂತು ಮಾತಾಡ್ತಿದ್ರು. ಈಗ ನಮ್ಮಾಂವ ಒಳಗ ಬಂದು ಕೇಳ್ತಾನ. ಬ್ಯಾಂಕಿನ ಪಾಸ್‌ಬುಕ್ ನನ್ನ ಹಂತೇಕ ಐತಿ. ಬೆಳಿ ವಿಮಾ ಬಂದ್ರ ನನ್ನ ಖಾತೆಗೇ ಬರ್ತೈತಿ."

"ಜಗಳ ಆಗಲಿಲ್ವಾ ಅಕ್ಕಾ?"

"ಆಗ್ಲಿಲ್ಲ ಅಂತ ಯಾರ್ ಹೇಳಿದ್ರು? ಒಂದ್ ವರ್ಷ ದಿನಾ ಆಗ್ತಿತ್ತು."

ಗಂಡ ಅಲ್ಲೇ ಎರಡು ಮಾರು ದೂರದಲ್ಲಿ ಆಡು ಕಾಯುತ್ತ ಕೂತಿದ್ದರು. ನಾಚಿಕೊಂಡು ಆ ಕಡೆ ತಿರುಗಿದರು. ಆಡುಗಳೂ ಹೆಂಡತಿಯವೇ ಎಂದು ಮಗಳು ಪಿಸುಗುಟ್ಟಿದಳು.

ಎಲ್ಲ ಸರಿಯಾಗಿದೆ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ನಿಗಮದ ಸಾಲದ ಕಂತು ತಲೆ ಮೇಲಿದೆ. ಎರಡು ಎಕರೆ ಒಣ ಬೇಸಾಯದಲ್ಲಿ ಮಳೆ ಕೈಕೊಟ್ಟ ವರ್ಷ ಕಂತು ಕಟ್ಟಲು ಮತ್ತೆ ಕೂಲಿಗೇ ಹೋಗಬೇಕು. ಹೋದ ಬೇಸಿಗೆಯಲ್ಲಿ ಇವರೂ ಹೋಗಿದ್ದರು. ಗಂಗಾ ಕಲ್ಯಾಣದಲ್ಲಿ ಬೋರ್‌ವೆಲ್‌ಗೆ ಅರ್ಜಿ ಕೊಟ್ಟಿದ್ದಾರೆ, ಓಣಿಯ ಇನ್ನೊಬ್ಬರಿಗೆ ಬೋರ್ ಕೊರೆದಾಗಿದೆ, ಕರೆಂಟು ಬಂದಿಲ್ಲ. ನೀರು ಬಂದರೆ ಕಬ್ಬು ಹಾಕುತ್ತೀರಾ ಎಂದು ಗೆಳತಿ ಕೇಳಿದಳು. ಅಕ್ಕ ಜೋರಾಗಿ ತಲೆ ಆಡಿಸಿದರು. "ಕಬ್ಬು ಕಡದು ಕಡದು ಸಾಕಾಗೇತಿ ನಮಗ. ಉಳ್ಳಾಗಡ್ಡಿ ಹಾಕ್ತೀನಿ, ಮೆಣಸಿನಕಾಯಿ ಹಾಕ್ತೀನಿ. ಜೋಳ ಅಂತೂ ಬಿಡಾಂಗಿಲ್ಲ." ಜೋಳ ಬಿಡದಿರುವುದಕ್ಕೆ ಕಾರಣ ಇದೆ. ಓಣಿಯ ಹೆಂಗಸರು ಸೇರಿ ಖಡಕ್ ರೊಟ್ಟಿ ಬಡಿದು ಮುಧೋಳದ ಖಾನಾವಳಿಗಳಿಗೆ ಕೊಡುತ್ತಾರೆ. ಜೋಳ ಕೊಂಡು ರೊಟ್ಟಿ ಬಡಿದರೆ ಉಳಿಯೋದು ಕಡಿಮೆ. ಸ್ವಂತ ಹೊಲದ ಜೋಳವಾದರೆ ಉಳಿಯುತ್ತದೆ, ಕಣಿಕಿ ಎಮ್ಮೆಗಾಗುತ್ತದೆ.

ಮೂರು ಗಂಟೆ ಸುಮಾರಿಗೆ ಸರ್ವೇದವರು ಬಂದರು. ಪಕ್ಕದ ಹೊಲದವರು ಬದು ಒತ್ತಿದ್ದಾರೆ ಎಂದು ಅಕ್ಕ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳೆದು ಗುರುತಿಸಲು, ದುಡ್ಡು ಕಟ್ಟಿ ಕಾಯುತ್ತಿದ್ದರಂತೆ. ಪಕ್ಕದ ಹೊಲದವರು ಊರಲ್ಲಿ ದೊಡ್ಡವರು. ಅವರ ಕಡೆಯಿಂದ ಮೂವರು ಗಂಡಸರು ಬೈಕಿನಲ್ಲಿ ಬಂದು ನಿಂತರು. ಅಕ್ಕನ ಕಡೆಯಿಂದ ಓಣಿಯ ಹೆಂಗಸರು ಕಡಲೆ ಕುಡಿ ಉಡಿಯಲ್ಲಿಟ್ಟುಕೊಂಡೇ ಬಂದು ನಿಂತರು. ಅಳತೆ ಸುರುವಾಯಿತು. ಅಕ್ಕ ಉತಾರದ ಝೆರಾಕ್ಸ್ ಹಿಡಿದು ಸರ್ವೇದವರ ಹಿಂದೆಯೇ ನಡೆದರು. ಕಲ್ಲು ಸಿಗಬೇಕಾದ ಜಾಗದಲ್ಲಿ ಕಲ್ಲು ಇರಲಿಲ್ಲ. ಅದು ಎರಡು ಮಾರು ಆಚೆ, ಜಾಲಿ ಪೊದೆಯಲ್ಲಿ ಬಿದ್ದಿತ್ತು. ತಾನಾಗಿ ಉರುಳಿದೆ ಎಂದರು ಬೈಕಿನವರು.

"ಕಲ್ಲಿಗೆ ಕಾಲು ಬಂದಾವೇನ್ರಿ ಗೌಡ್ರ?" ಅಂದರು ಅಕ್ಕ.

ಸರ್ವೇದವರು ಸುಣ್ಣದಲ್ಲಿ ಗುರುತು ಹಾಕಿದರು. ಮೋಡ ಕವಿಯಿತು, ಉಳಿದ ಎರಡು ಮೂಲೆ ನಾಳೆ ಎಂದರು. ಬೈಕಿನವರು ಏನೂ ಹೇಳದೆ ಹೋದರು. ನಮ್ಮ ಕೊನೆಯ ಟಂಟಂ ಐದಕ್ಕಿತ್ತು. ಹೊರಡುವಾಗ, ನಾಳೆ ನೀವೊಬ್ಬರೇ ಇರ್ತೀರಲ್ಲ ಅಕ್ಕಾ, ಗಲಾಟೆ ಆದರೆ ಏನು ಮಾಡ್ತೀರಿ ಎಂದು ಕೇಳಿದೆ.

"ಒಬ್ಬಾಕಿ ಯಾಕ? ಇನ್ನೂ ಎಂಟು ಸಾಲು ಕುಡಿ ಚೂಟೂದು ಐತಿ. ಎಲ್ಲಾರ್ನೂ ಕೆಲಸಕ್ಕ ಕರದೀನಿ" ಅಂದರು.